ಖಾಲಿ ಡಬ್ಬಿ ಕೊಡಬಾರದು

ನಮ್ಮ ಶಾಲೆಯ ಕಪಾಟಿನಲ್ಲಿ, ಸೀಮೆಸುಣ್ಣದ ಪೆಟ್ಟಿಗೆಗಳ ಪಕ್ಕ, ಒಂದು ಸ್ಟೀಲ್ ಡಬ್ಬಿ ಕೂತಿದೆ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ 'ಮಲ್ಲಮ್ಮ' ಎಂದು ಕೊರೆದಿದೆ. ಮಲ್ಲಮ್ಮ ಎಂದರೆ ನನ್ನ ಅಮ್ಮ. ಕಗ್ಗದಾಸಪುರದ ನಮ್ಮ ಬಾಡಿಗೆ ಮನೆಯ ಅಡುಗೆಕಟ್ಟೆಯ ಮೇಲೆ ಇರಬೇಕಾದ ಅಮ್ಮನ ಡಬ್ಬಿ ರಾಮಮೂರ್ತಿ ನಗರದ ಪುಟ್ಟ ಶಾಲೆಯೊಂದರ ಕಪಾಟಿನಲ್ಲಿ ಏನು ಮಾಡುತ್ತಿದೆ ಎಂದು ನೀವು ಕೇಳಿದರೆ, ನಾನು ಒಂದು ಇಂಟರ್‌ವ್ಯೂಗೆ 'ಬರುವುದಿಲ್ಲ' ಎಂದು ಹೇಳಲು ಹೋದ ಕಥೆಯನ್ನು ಹೇಳಬೇಕಾಗುತ್ತದೆ. ನಿನ್ನೆ ಶಾಲೆಗೆ ಒಂದು ಮೇಲ್ ಬಂತು, ಅದನ್ನು ಓದಿ ಇದೆಲ್ಲ ನೆನಪಾಯಿತು. ಆ ಮೇಲ್‌ನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಡಬ್ಬಿ.

ಪದ್ಧತಿ ನಿಮಗೂ ಗೊತ್ತಿರುತ್ತದೆ. ಪಕ್ಕದ ಮನೆಯವರು ಏನಾದರೂ ತಿಂಡಿ ಕೊಟ್ಟು ಕಳಿಸಿದ ಪಾತ್ರೆಯನ್ನು ಬರಿದು ಮಾಡಿ ಹಿಂದಿರುಗಿಸಬಾರದು. ನಾವು ಮಾಡಿದ್ದೇನಾದರೂ ಇದ್ದರೆ ಅದು, ಇಲ್ಲವಾದರೆ ಎರಡು ಬಾಳೆಹಣ್ಣು, ಅದೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ. ಇದಕ್ಕೆ ಯಾವ ಶಾಸ್ತ್ರದ ಆಧಾರವಿದೆಯೋ ನನಗೆ ತಿಳಿಯದು, ನಮ್ಮ ಮನೆಯಲ್ಲಿ ಅಮ್ಮನೇ ಆಧಾರ. ಅವಳು ಕಲಬುರಗಿ ಕಡೆಯಿಂದ ಅಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು. ಕೆ.ಆರ್. ಪುರದಲ್ಲಿ ಏಳು ಕೋಣೆಗಳು ಸಾಲಾಗಿದ್ದ ವಠಾರದಲ್ಲಿ ನಾಲ್ಕನೆಯ ಕೋಣೆ ನಮ್ಮದಾಗಿತ್ತು. ಆ ಏಳೂ ಮನೆಗಳ ಪಾತ್ರೆಗಳು ಸ್ವಂತ ಮನೆಯಲ್ಲಿದ್ದದ್ದಕ್ಕಿಂತ ಪಕ್ಕದ ಮನೆಯಲ್ಲಿದ್ದದ್ದೇ ಹೆಚ್ಚು. ಅದಕ್ಕೇ ಎಲ್ಲರೂ ಪಾತ್ರೆಗೆ ಹೆಸರು ಕೊರೆಸುತ್ತಿದ್ದರು. ಅಮ್ಮನಿಗೆ ಓದಲು ಬರುವುದಿಲ್ಲ. ಶಿವಾಜಿನಗರದ ಅಂಗಡಿಯಲ್ಲಿ ಈ ಡಬ್ಬಿ ಕೊಂಡ ದಿನ, ಹೆಸರು ಸರಿಯಾಗಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ರಸ್ತೆಯಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತಾ ಬಂದಳಂತೆ. ಮೊದಲು ಸಿಕ್ಕವರು ತಮಿಳು ಓದುವವರು, ಆಮೇಲೆ ಸಿಕ್ಕವರು ಉರ್ದು ಓದುವವರು. ಕೊನೆಗೆ ಒಬ್ಬ ಬಸ್ ಕಂಡಕ್ಟರು ಓದಿ 'ಮಲ್ಲಮ್ಮ' ಎಂದಾಗಲೇ ಅವಳಿಗೆ ಡಬ್ಬಿ ತನ್ನದು ಎನ್ನಿಸಿದ್ದು.

ಡಬ್ಬಿಯನ್ನು ಸಾಗಿಸುವ ಕೆಲಸ ನನ್ನದಾಗಿತ್ತು. ನನಗೆ ಆಗ ಏಳು ವರ್ಷ. ಆರನೆಯ ಕೋಣೆಯ ಸೆಲ್ವಿ ಅಕ್ಕ ಒಮ್ಮೆ ಕಡಲೆಕಾಳಿನ ಸುಂಡಲ್ ಕಳಿಸಿದ್ದರು. ಅವರ ಡಬ್ಬಿಗೆ ಅಮ್ಮ ಎರಡು ಚಮಚ ಸಕ್ಕರೆ ಹಾಕಿ ಕೊಟ್ಟು ಬಾ ಎಂದಳು. ನಾಲ್ಕನೆಯ ಕೋಣೆಯಿಂದ ಆರನೆಯ ಕೋಣೆಗೆ ಹೆಚ್ಚೆಂದರೆ ಹದಿನೈದು ಹೆಜ್ಜೆ. ಆ ಹದಿನೈದು ಹೆಜ್ಜೆಗಳಲ್ಲಿ ನಾನು ಸಕ್ಕರೆಯನ್ನೆಲ್ಲ ಮುಗಿಸಿ, ಡಬ್ಬಿಯ ಒಳಗನ್ನು ಬೆರಳಿನಿಂದ ಚೊಕ್ಕಟ ಮಾಡಿ, ಮುಚ್ಚಳ ಹಾಕಿ ಕೊಟ್ಟು ಓಡಿಬಂದೆ. ಮರುದಿನ ನಲ್ಲಿಯ ಹತ್ತಿರ ಅಮ್ಮ, "ಸಕ್ಕರಿ ಭಾಳ ಸಣ್ಣದಿತ್ತು, ಹೆಂಗಿತ್ತೋ ಏನೋ" ಎಂದಳು. ನಾನು ಅಮ್ಮನ ಸೆರಗು ಹಿಡಿದು ನಿಂತಿದ್ದೆ. ಸೆಲ್ವಿ ಅಕ್ಕ ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಕೊಡಕ್ಕೆ ನೀರು ಹಿಡಿಯುತ್ತಾ, "ರೊಂಬ ಚೆನ್ನಾಗಿತ್ತು ಮಲ್ಲಮ್ಮ" ಎಂದರು. ಬೈದಿದ್ದರೆ ನಾನು ಅದನ್ನು ಅಂದೇ ಮರೆಯುತ್ತಿದ್ದೆ.

ಇಂಥ ಮನೆಯಲ್ಲಿ ಬೆಳೆದವಳಿಗೆ 'ಇಲ್ಲ', 'ಬೇಡ', 'ಬರುವುದಿಲ್ಲ' ಎಂದು ಹೇಳಲು ಬಾಯಿ ಹೇಗೆ ಬಂದೀತು? ನಮ್ಮ ನಾಡೇ ಹಾಗಿದೆ ಎನ್ನಿ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಇಳಿಯುತ್ತದೆ. ಮದುವೆಗೆ ಕರೆಯಲು ಬಂದವರಿಗೆ 'ಬರೋಕಾಗಲ್ಲ' ಎಂದು ಯಾರೂ ಹೇಳುವುದಿಲ್ಲ, 'ಟ್ರೈ ಮಾಡ್ತೀವಿ' ಎನ್ನುತ್ತಾರೆ. ಕರೆದವರು ಅಷ್ಟು ಮಂದಿಗೆ ಅಡುಗೆ ಕಡಿಮೆ ಹೇಳುತ್ತಾರೆ, ಯಾರಿಗೂ ಬೇಸರವಿಲ್ಲ. ನನ್ನದು ಇನ್ನೂ ಒಂದು ಕೈ ಹೆಚ್ಚು. ಶಿವಾಜಿನಗರದ ಅಂಗಡಿಯವನು ಹತ್ತು ದುಪಟ್ಟಾ ಬಿಡಿಸಿ ಹಾಕಿದ ಎಂಬ ಒಂದೇ ಸಂಕೋಚಕ್ಕೆ ಬೇಡದ ಬಣ್ಣದ್ದನ್ನು ಕೊಂಡು ಬಂದವಳು ನಾನು. ಆ ಸಾಸಿವೆ ಬಣ್ಣದ ದುಪಟ್ಟಾ ಈಗ ನಮ್ಮ ಮಿಕ್ಸಿಯ ಮೇಲೆ ಹೊದಿಕೆಯಾಗಿದೆ.

ಹೋದ ವರ್ಷದ ಮಾತು. ನಾನು ಹನ್ನೊಂದು ವರ್ಷ ಕನ್ನಡ ಕಲಿಸಿದ ಕಗ್ಗದಾಸಪುರದ ಶಾಲೆಯನ್ನು ಮುಚ್ಚುವುದೆಂದು ತೀರ್ಮಾನವಾಯಿತು. ಶಾಲೆಯ ಒಡೆಯರಿಗೆ ಆ ಜಾಗದಲ್ಲಿ ಹಾಸ್ಟೆಲ್ ಕಟ್ಟುವ ಮನಸ್ಸಾಗಿತ್ತು. ಏಪ್ರಿಲ್ ಮುಗಿದರೆ ನಮ್ಮ ಕೆಲಸವೂ ಮುಗಿಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅರ್ಜಿ ಬರೆಯುವವರೇ. ನಾನೂ ಎರಡು ಕಡೆ ಹಾಕಿದೆ. ಒಂದು ಕಂಟೋನ್ಮೆಂಟಿನ ಹಳೆಯ ದೊಡ್ಡ ಶಾಲೆ. ಕಲ್ಲಿನ ಕಟ್ಟಡ, ದೊಡ್ಡ ಮೈದಾನ, ಕಾಯಂ ಹುದ್ದೆ. ಇನ್ನೊಂದು ರಾಮಮೂರ್ತಿ ನಗರದಲ್ಲಿ ಅಕ್ಕಿ ಅಂಗಡಿಯ ಮೇಲಿನ ಎರಡು ಮಹಡಿಗಳಲ್ಲಿ ನಡೆಯುವ ಪುಟ್ಟ ಶಾಲೆ. ಅದನ್ನು ಕಟ್ಟಿದವರು ವಿಮಲಾ ಮೇಡಂ. ಮುಖ್ಯೋಪಾಧ್ಯಾಯಿನಿಯೂ ಅವರೇ, ಬೆಲ್ ಹೊಡೆಯುವವರೂ ಅವರೇ.

ದೊಡ್ಡ ಶಾಲೆಯ ಆಸೆ ನನಗಿಂತ ಹೆಚ್ಚಾಗಿ ಅಮ್ಮನಿಗಿತ್ತು. ಅದರ ಹೊಸ ಬ್ಲಾಕ್ ಕಟ್ಟುವಾಗ ಅವಳು ಅಲ್ಲಿ ಇಟ್ಟಿಗೆ ಹೊತ್ತಿದ್ದಳು. ಮೂರನೆಯ ಮಹಡಿಗೆ, ಮೆಟ್ಟಿಲಿಗೆ ಇನ್ನೂ ಗಾರೆ ಹಾಕದಿದ್ದಾಗ. ನಾನು ಅರ್ಜಿ ಹಾಕಿದ ದಿನದಿಂದ ಬೀದಿಯಲ್ಲಿ ಸಿಕ್ಕವರಿಗೆಲ್ಲ, "ನಾ ಇಟ್ಟಂಗಿ ಹೊತ್ತ ಸಾಲ್ಯಾಗ ನನ್ನ ಮಗಳು ಪಾಠ ಹೇಳ್ತಾಳ" ಎಂದು ಹೇಳಲು ಶುರು ಮಾಡಿದಳು. ಇಂಟರ್‌ವ್ಯೂಗೆ ಕರೆ ಬಂದದ್ದು ಆಮೇಲೆ.

ಗ್ರಹಚಾರ ನೋಡಿ, ಎರಡೂ ಶಾಲೆಗಳು ಒಂದೇ ಗುರುವಾರ, ಹನ್ನೊಂದು ಗಂಟೆಗೇ ಕರೆದವು. ಯಾವುದನ್ನು ಬಿಡಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ, ಹೇಗೆ ಬಿಡಬೇಕು ಎಂಬುದೇ ಕಷ್ಟ. ದೊಡ್ಡದು ಕೈತಪ್ಪಿದರೆ ಚಿಕ್ಕದಾದರೂ ಇರಲಿ ಎಂಬ ಒಳಲೆಕ್ಕವೂ ಇತ್ತು, ಸುಳ್ಳು ಯಾಕೆ ಹೇಳಲಿ. ಗಣಿತ ಕಲಿಸುತ್ತಿದ್ದ ನಗ್ಮಾ ನನ್ನ ಗೆಳತಿ, ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ಮಾತು ಕತ್ತರಿ.

"ಅರೆ, ಇಷ್ಟೇನಾ? ಫೋನಲ್ಲಿ ಎಐ ಇದೆ, ಕೇಳಿದ್ರೆ ಅದೇ ಬರ್ಕೊಡತ್ತೆ ಕಣೆ," ಎಂದು ನನ್ನ ಫೋನು ಕಿತ್ತುಕೊಂಡು ಏನೋ ಒತ್ತಿದಳು. ಕಣ್ಣು ಮುಚ್ಚಿ ಬಿಡುವುದರೊಳಗೆ ಇಂಗ್ಲಿಷಿನಲ್ಲಿ ಪತ್ರ ಸಿದ್ಧ. ತಮ್ಮ ಅಮೂಲ್ಯ ಸಮಯಕ್ಕೆ ನಾನು ಋಣಿ. ಬಹಳ ಯೋಚಿಸಿದ ಮೇಲೆ ಭಾರವಾದ ಮನಸ್ಸಿನಿಂದ ಈ ನಿರ್ಧಾರ. ತಮ್ಮ ಸಂಸ್ಥೆಯ ಬಗ್ಗೆ ನನಗೆ ಅಪಾರ ಗೌರವ. ಮುಂದೆಂದಾದರೂ ನಮ್ಮ ದಾರಿಗಳು ಮತ್ತೆ ಕೂಡಲಿ ಎಂಬ ಹಾರೈಕೆ.

"ದಾರಿ ಎಲ್ಲಿ ಕೂಡತ್ತೆ ನಗ್ಮಾ?"

"ಟಿನ್ ಫ್ಯಾಕ್ಟರಿ ಸಿಗ್ನಲ್ಲಲ್ಲಿ. ಎಲ್ರ ದಾರೀನೂ ಅಲ್ಲೇ ಕೂಡೋದು. ಕೂಡಿದ್ಮೇಲೆ ಯಾರೂ ಮುಂದಕ್ಕೆ ಹೋಗಲ್ಲ, ಅಷ್ಟೆ. ಕಳ್ಸು."

ಕಳಿಸಿದೆ. ಸಂಜೆಯೇ ವಿಮಲಾ ಮೇಡಂ ಫೋನ್ ಮಾಡಿದರು. "ಗುರುವಾರ ಹನ್ನೊಂದಕ್ಕೆ ಬರ್ತೀರ ಅಲ್ವಾ ಸಂಗೀತಾ ಅವ್ರೆ?" ಮೇಲ್ ನೋಡಿಲ್ಲ ಎಂಬುದು ಗೊತ್ತಾಯಿತು. ಈಗ ಬಾಯಿ ಬಿಟ್ಟು ಹೇಳಬೇಕು. ನಾನು ಉಸಿರೆಳೆದುಕೊಂಡು, "ಟ್ರೈ ಮಾಡ್ತೀನಿ ಮೇಡಂ" ಎಂದೆ. ನಮ್ಮ ನಾಡಿನಲ್ಲಿ ಇದಕ್ಕಿಂತ ಸ್ಪಷ್ಟವಾದ 'ಇಲ್ಲ' ಇನ್ನೊಂದಿಲ್ಲ. ಅವರು ಮಾತ್ರ, "ಟ್ರೈ ಮಾಡಿ. ನಾನು ಕಾಯ್ತಿರ್ತೀನಿ" ಎಂದು ಇಟ್ಟುಬಿಟ್ಟರು. ಕಾಯುತ್ತೇನೆ ಎಂದರೆ ಏನರ್ಥ? ಕುರ್ಚಿ ಒರೆಸಿ, ಟೀ ತರಿಸಿ, ಬಾಗಿಲ ಕಡೆ ನೋಡುತ್ತಾ ಕೂತಿರುತ್ತಾರೆಯೇ?

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ತೀರ್ಪು ಕೊಟ್ಟಳು. "ಕರದವರಿಗೆ ಫೋನಿನ್ಯಾಗ ಬರಂಗಿಲ್ಲ ಅಂತಾರೇನು? ಹೋಗಿ ಮುಖ ತೋರಿಸಿ ಹೇಳಿ ಬಾ." ಬುಧವಾರ ಬೆಳಿಗ್ಗೆ ಎದ್ದು ಶೇಂಗಾ ಹೋಳಿಗೆ ಮಾಡಿ ತನ್ನ ಡಬ್ಬಿಗೆ ತುಂಬಿದಳು. "ಬರಿಗೈಲೆ ಹೋಗಬ್ಯಾಡ. ಬ್ಯಾಡ ಅನ್ನೋ ಮಾತು ಮೊದಲೇ ಕಹಿ."

ಹೀಗೆ, ಇಂಟರ್‌ವ್ಯೂಗೆ ಬರುವುದಿಲ್ಲ ಎಂದು ಹೇಳಲು ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆಯುಟ್ಟು, ಹೋಳಿಗೆ ಹಿಡಿದು ಹೊರಟ ಮಹಾಶಯೆ ಈ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ಕಗ್ಗದಾಸಪುರದ ರೈಲ್ವೆ ಗೇಟು ಹಾಕಿತ್ತು. ಗೇಟು ತೆರೆಯುವವರೆಗೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆದೆ. ಅಷ್ಟು ತಯಾರಿಯನ್ನು ನಾನು ಗುರುವಾರದ ಇಂಟರ್‌ವ್ಯೂಗೂ ಮಾಡಿಕೊಂಡಿರಲಿಲ್ಲ.

ಮೆಟ್ಟಿಲು ಹತ್ತಿ ಮೇಲೆ ಹೋದರೆ ವಿಮಲಾ ಮೇಡಂ ಮೂರನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದರು. ಐವತ್ತೈದು ದಾಟಿದ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡ ಹೆಂಗಸು. "ಬನ್ನಿ, ಬನ್ನಿ" ಎಂದರು. ನಾನು "ಮೇಡಂ, ನಾಳೆಯ ವಿಷಯ" ಎಂದು ಶುರು ಮಾಡುವಷ್ಟರಲ್ಲಿ ಕೆಳಗಿನಿಂದ ಯಾರೋ ಪೋಷಕರು ಏರಿದ ದನಿಯಲ್ಲಿ ಕೂಗಿದರು. ಮೇಡಂ, "ಎರಡೇ ನಿಮಿಷ ಮಕ್ಕಳನ್ನ ನೋಡ್ಕೊಳ್ತೀರಾ? ಕನ್ನಡ ಮಿಸ್ ಬಿಟ್ಟು ಹೋಗಿ ತಿಂಗಳಾಯ್ತು," ಎಂದು ಸೀಮೆಸುಣ್ಣವನ್ನು ನನ್ನ ಕೈಗಿಟ್ಟು ಇಳಿದುಹೋದರು.

ಇಪ್ಪತ್ತೆಂಟು ಮಕ್ಕಳು ನನ್ನನ್ನಲ್ಲ, ನನ್ನ ಕೈಯ ಡಬ್ಬಿಯನ್ನು ನೋಡುತ್ತಿದ್ದರು. ಹಾಗಾಗಿ ಡಬ್ಬಿಯದೇ ಪಾಠ ಶುರುವಾಯಿತು. ಪಕ್ಕದ ಮನೆಯವರು ಕೊಟ್ಟ ಡಬ್ಬಿಗೆ ನಿಮ್ಮಮ್ಮ ಏನು ಹಾಕಿ ವಾಪಸ್ಸು ಕೊಡುತ್ತಾರೆ ಎಂದು ಕೇಳಿದೆ. ಒಬ್ಬಳು ಸಕ್ಕರೆ ಎಂದಳು, ಇನ್ನೊಬ್ಬ ಕರಿಬೇವು ಎಂದ. ಒಬ್ಬರ ಮನೆಯಲ್ಲಿ ಮುರುಕು, ಒಬ್ಬರ ಮನೆಯಲ್ಲಿ ಖರ್ಜೂರ, ಒಬ್ಬನ ಮನೆಯಲ್ಲಿ ಬಿಸ್ಕತ್ತು. ಒಬ್ಬೊಬ್ಬರೂ ಬೋರ್ಡಿಗೆ ಬಂದು ತಮ್ಮ ಮನೆಯ ಪದಾರ್ಥವನ್ನು ಕನ್ನಡದಲ್ಲಿ ಬರೆದರು. ಖರ್ಜೂರ ಬರೆಯುವವನಿಗೆ ಇಡೀ ತರಗತಿ ಸಹಾಯ ಮಾಡಿತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಕೈ ಎತ್ತಲಿಲ್ಲ. ಹೆಸರು ಭಾಗ್ಯ, ಯಾದಗಿರಿ ಕಡೆಯಿಂದ ಬಂದು ಎರಡು ತಿಂಗಳಾಗಿತ್ತು. ಹತ್ತಿರ ಹೋಗಿ ಕೇಳಿದರೆ, "ನಮ್ಮನಿಗೆ ಯಾರೂ ಏನೂ ಕೊಡಂಗಿಲ್ಲ ಮಿಸ್" ಎಂದಳು.

ಡಬ್ಬಿ ತೆರೆದು ಮೊದಲ ಹೋಳಿಗೆಯನ್ನು ಅವಳಿಗೆ ಕೊಟ್ಟೆ. ಒಬ್ಬಳಿಗೆ ಕೊಟ್ಟ ಮೇಲೆ ಉಳಿದವರನ್ನು ಬಿಡುವುದು ಹೇಗೆ? ಹರಿದು ಹರಿದು ಹಂಚಿದ್ದಾಯಿತು. ವಿಮಲಾ ಮೇಡಂ ಎರಡು ನಿಮಿಷ ಎಂದವರು ಮುಕ್ಕಾಲು ಗಂಟೆಯ ಮೇಲೆ ಬಂದಾಗ ಅವರಿಗೆಂದು ತಂದ ಡಬ್ಬಿಯಲ್ಲಿ ಬರೀ ತುಪ್ಪದ ವಾಸನೆ ಉಳಿದಿತ್ತು. ಅವರು ಬಾಗಿಲಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ ನನಗೆ ಗೊತ್ತಿಲ್ಲ.

"ಮೇಡಂ, ನಾಳೆ ನಾನು..."

"ಗೊತ್ತು. ನಿಮ್ಮ ಮೇಲ್ ನಿನ್ನೆ ಮಗಳು ತೋರಿಸಿದ್ಲು. ಒಳ್ಳೆ ಕಡೆ ಹೋಗ್ತಿದ್ದೀರ, ಒಳ್ಳೇದಾಗ್ಲಿ." ಮತ್ತೆ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡರು. "ಇದು ಇಲ್ಲಿರ್ಲಿ. ಖಾಲಿ ಡಬ್ಬಿ ಕೈಗೆ ಕೊಡಕ್ಕಾಗಲ್ಲ. ಏನಾದ್ರೂ ಮಾಡಿದಾಗ ತುಂಬಿ ಕೊಡ್ತೀನಿ."

ಬೇಡ ಎನ್ನಲು ನನಗೆ ಬರುವುದಿಲ್ಲವೆಂದು ಆಗಲೇ ಹೇಳಿದ್ದೇನೆ.

ಗುರುವಾರದ ಇಂಟರ್‌ವ್ಯೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ದನೆಯ ಮೇಜಿನ ಆಚೆ ಮೂವರು ಕೂತಿದ್ದರು. ಕನ್ನಡ ಕಲಿಸಲು ಬಂದವಳನ್ನು ಪೂರ್ತಿ ಇಂಗ್ಲಿಷಿನಲ್ಲೇ ಕೇಳಿದರು. ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣುತ್ತೀರಿ ಎಂದರು. ಇಲ್ಲೇ, ಹೊಸ ಬ್ಲಾಕಿನ ಮೂರನೆಯ ಮಹಡಿಯಲ್ಲಿ, ಎಂದೆ. ನಕ್ಕರು. ಕೆಲಸ ಸಿಕ್ಕಂತೆಯೇ ಎಂದು ನನಗೆ ಅನ್ನಿಸಿತು. ಹೊರಗೆ ಬರುವಾಗ ಯಾರೂ ನೋಡದಂತೆ ಆ ಬ್ಲಾಕಿನ ಗೋಡೆಯನ್ನು ಒಂದು ಸಲ ಮುಟ್ಟಿ ಬಂದೆ.

ಒಂಬತ್ತನೆಯ ದಿನ ಮೇಲ್ ಬಂತು. ತಮ್ಮ ಅಮೂಲ್ಯ ಸಮಯಕ್ಕೆ ನಾವು ಋಣಿ. ಬಹಳ ಯೋಚಿಸಿದ ಮೇಲೆ ಭಾರವಾದ ಮನಸ್ಸಿನಿಂದ ಈ ನಿರ್ಧಾರ. ಓದುತ್ತಾ ಹೋದಂತೆ ಇದನ್ನು ಎಲ್ಲೋ ನೋಡಿದ್ದೇನೆ ಎನ್ನಿಸಿತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅನುಮಾನ ಉಳಿಯಲಿಲ್ಲ. ನಮ್ಮ ದಾರಿಗಳು ಮತ್ತೆ ಕೂಡಲಿ ಎಂದು ಅವರೂ ಹಾರೈಸಿದ್ದರು. ನಗ್ಮಾಳಿಗೆ ತೋರಿಸಿದೆ. ಅವಳು ಎರಡು ಸಲ ಓದಿ, "ಅದೇ ಫೋನ್ ಬುದ್ಧಿ ಕಣೆ. ಅವ್ರೂ ಬರೀಲಿಲ್ಲ, ನೀನೂ ಬರೀಲಿಲ್ಲ, ಬೇಜಾರ್ ಯಾಕೆ?" ಎಂದಳು. ನಗು ಬಂತು. ನಗುತ್ತಲೇ ಕಣ್ಣೀರೂ ಬಂತು. ನನಗೆ ಕೆಲಸ ತಪ್ಪಿದ್ದಕ್ಕಿಂತ, ಅಮ್ಮ ಬೀದಿಯಲ್ಲಿ ಹೇಳಿಕೊಂಡು ಬಂದ ಮಾತು ಬಿದ್ದುಹೋಯಿತಲ್ಲ ಎಂಬ ಸಂಕಟ ಹೆಚ್ಚಾಗಿತ್ತು.

ಅಮ್ಮನಿಗೆ ಹೇಳಲಿಲ್ಲ. ಕೇಳಿದರೆ 'ಇನ್ನೂ ಏನೂ ಹೇಳಿಲ್ಲ' ಎನ್ನೋಣ ಎಂದುಕೊಂಡಿದ್ದೆ. ವಿಚಿತ್ರವೆಂದರೆ ಅವಳು ಅದನ್ನು ಕೇಳಲೇ ಇಲ್ಲ. ಕೇಳಿದ್ದು ಡಬ್ಬಿಯನ್ನು. "ಸಂಗೀ, ನನ್ನ ಡಬ್ಬಿ ಎಲ್ಲಿ?" ಬೆಳಿಗ್ಗೆ ಟೀ ಕೊಡುವಾಗ ಡಬ್ಬಿ, ಸಂಜೆ ಚಪ್ಪಲಿ ಬಿಡುವಾಗ ಡಬ್ಬಿ. ಬೇರೆ ತಂದುಕೊಡುತ್ತೇನೆ ಎಂದರೆ, "ಅದರ ಮ್ಯಾಲ ನನ್ನ ಹೆಸರು ಅದ. ಹೋಗಿ ತಗೊಂಡು ಬಾ" ಎನ್ನುತ್ತಿದ್ದಳು. ಯಾವ ಮುಖ ಇಟ್ಟುಕೊಂಡು ಹೋಗಲಿ? ಬೇಡ ಎಂದು ಬಂದ ಬಾಗಿಲು. ಎರಡು ವಾರ ಹೇಗೋ ತಳ್ಳಿದೆ. ಒಂದು ಶನಿವಾರ ಅಮ್ಮ ತಾನೇ ಸೀರೆ ಬದಲಿಸಿ, "ನಡಿ, ನಾನೇ ಹೋಗಿ ಕೇಳ್ತೀನಿ" ಎಂದು ಹೊರಟಾಗ ಬೇರೆ ದಾರಿಯಿಲ್ಲದೆ ಅವಳನ್ನು ಕೂರಿಸಿ ನಾನೊಬ್ಬಳೇ ಹೋದೆ.

ವಿಮಲಾ ಮೇಡಂ ರಿಜಿಸ್ಟರಿನಿಂದ ತಲೆಯೆತ್ತಿ ಒಂದು ಸಲ ನನ್ನ ಮುಖ ನೋಡಿದರು. ಆ ನೋಟ ನನಗೆ ಗೊತ್ತಿತ್ತು. ವಠಾರದ ನಲ್ಲಿಯ ಹತ್ತಿರ ಸೆಲ್ವಿ ಅಕ್ಕ ನೋಡಿದ್ದೂ ಹೀಗೆಯೇ. ದೊಡ್ಡ ಶಾಲೆಯದು ಏನಾಯಿತು ಎಂದು ಅವರು ಕೇಳಲಿಲ್ಲ.

"ಡಬ್ಬಿಗೆ ಬಂದ್ರಾ?"

"ಹೌದು ಮೇಡಂ. ಅಮ್ಮ ಕೇಳ್ತಿದ್ದಾರೆ."

"ಕೇಳದೆ ಇರ್ತಾರಾ, ಪಾಪ. ಆದ್ರೆ ಇವತ್ತು ನನ್ನ ಹತ್ರ ಹಾಕಿ ಕೊಡಕ್ಕೆ ಏನೂ ಇಲ್ವಲ್ಲ." ಅವರು ಕನ್ನಡಕವನ್ನು ತಲೆಯ ಮೇಲಿಂದ ಇಳಿಸಿದರು. "ಒಂದ್ಕೆಲ್ಸ ಮಾಡಿ. ಮೂರನೇ ಕ್ಲಾಸಲ್ಲಿ ಯಾರೂ ಇಲ್ಲ. ನೀವು ಅಲ್ಲಿಗೆ ಹೋಗ್ಬನ್ನಿ, ಅಷ್ಟರಲ್ಲಿ ಏನಾದ್ರೂ ಹುಡುಕ್ತೀನಿ."

ಅವರು ಇನ್ನೂ ಹುಡುಕುತ್ತಲೇ ಇದ್ದಾರೆ. ನೇಮಕದ ಪತ್ರ ಆ ವಾರವೇ ಕೊಟ್ಟರು, ಇಂಟರ್‌ವ್ಯೂ ಮಾತ್ರ ಇವತ್ತಿಗೂ ಆಗಿಲ್ಲ. ಆ ಶನಿವಾರ ತರಗತಿಗೆ ಕಾಲಿಟ್ಟಾಗ ಕೊನೆಯ ಬೆಂಚಿನಿಂದ ಭಾಗ್ಯ ಓಡಿ ಬಂದಳು.

"ಮಿಸ್, ಬಾಜೂ ಮನಿಯವರು ಪೊಂಗಲ್ ಕೊಟ್ಟಿದ್ರು. ನಾ ಸಕ್ಕರಿ ಹಾಕಿ ಡಬ್ಬಿ ಕೊಟ್ಟು ಬಂದೆ."

"ಹೌದಾ? ದಾರ್ಯಾಗ ತಿಂದಿಲ್ಲ ಹೌದಿಲ್ಲೋ?"

ಅವಳು ನೆಲ ನೋಡಿ, "ಸ್ವಲ್ಪ" ಎಂದಳು. ನನಗಿಂತ ಎಷ್ಟೋ ಪ್ರಾಮಾಣಿಕಳು.

ಮನೆಗೆ ಹೋಗಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ದೊಡ್ಡ ಶಾಲೆಯದು ಆಗಲಿಲ್ಲ ಎಂದೆ. "ಗೊತ್ತದ. ಮೇಲ್ ಬಂದ ದಿನ ನಿನ್ನ ಮಾರಿ ನೋಡಿನೇ ಗೊತ್ತಾತು," ಎಂದಳು. ಆಮೇಲೆ, "ಇಟ್ಟಂಗಿ ನಾ ಎಲ್ಲಾ ಕಡಿ ಹೊತ್ತೀನವ್ವ, ಅದೊಂದೇ ಸಾಲಿ ಏನು" ಎಂದು ಒಲೆಯ ಕಡೆ ತಿರುಗಿದಳು. ಅವಳಿಗೆ ನೋವಾಗಿರಲಿಲ್ಲ ಎಂದು ನಾನು ನಂಬಿಲ್ಲ. ಆದರೆ ನೇಮಕದ ಪತ್ರ ತೋರಿಸಿದ ದಿನದಿಂದ ಇವತ್ತಿನವರೆಗೆ ಅವಳು ಒಮ್ಮೆಯೂ ಡಬ್ಬಿಯ ಮಾತು ಎತ್ತಿಲ್ಲ. ಎರಡು ವಾರ ನನ್ನ ಪ್ರಾಣ ತಿಂದವಳಿಗೆ ಡಬ್ಬಿ ಬೇಕಾಗಿರಲೇ ಇಲ್ಲ, ನಾನು ಆ ಮೆಟ್ಟಿಲು ಹತ್ತುವುದು ಬೇಕಾಗಿತ್ತು ಎಂದು ನನಗೆ ಹೊಳೆಯಲು ಒಂದು ತಿಂಗಳು ಹಿಡಿಯಿತು. ಇಂಥವಳು ಮಕ್ಕಳಿಗೆ ಪಾಠ ಹೇಳುತ್ತೇನೆ.

ಈಗ ನಿನ್ನೆಯ ಮೇಲ್. ನಮಗೆ ಗಣಿತಕ್ಕೆ ಒಬ್ಬರು ಬೇಕಿತ್ತು. ನಗ್ಮಾ ಆಗಲೇ ಇಂದಿರಾನಗರದಲ್ಲಿ ಒಳ್ಳೆಯ ಕಡೆ ಸೇರಿಯಾಗಿದೆ. ಕಲ್ಯಾಣ ನಗರದ ಕೀರ್ತನಾ ಎಂಬ ಹುಡುಗಿ ಅರ್ಜಿ ಹಾಕಿದ್ದಳು, ಸೋಮವಾರ ಬಾ ಎಂದು ಕರೆದಿದ್ದೆವು. ಶಾಲೆಯ ಮೇಲ್ ನೋಡುವ ಕೆಲಸ ಈಗ ನನ್ನದು. ತೆರೆದೆ. ತಮ್ಮ ಅಮೂಲ್ಯ ಸಮಯಕ್ಕೆ ನಾನು ಋಣಿ, ಎಂದು ಶುರುವಾಗಿತ್ತು.

ಕೊನೆಯ ಸಾಲಿನವರೆಗೂ ನೋಡದೆಯೇ ಓದಬಲ್ಲವಳಾಗಿದ್ದೆ. ಯಾವ ಶಾಲೆಯೋ, ಎಷ್ಟು ದೊಡ್ಡ ಮೈದಾನವೋ, ಅದು ಅವಳಿಗೆ ಸಿಗಲಿ ಎಂದೇ ನನ್ನ ಮನಸ್ಸು ಹಾರೈಸಿತು. ಸುಳ್ಳಲ್ಲ. ಅವಳ ಮನೆಯಲ್ಲೂ ಯಾರಾದರೂ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿರಬಹುದು. ಆದರೂ ಮೇಲ್‌ಗೆ ಮೇಲ್ ಬರೆಯಲು ಕೈ ಬರಲಿಲ್ಲ. ಫೋನ್ ಮಾಡಿದೆ.

"ಸೋಮವಾರ ಒಂದ್ಸಲ ಬಂದು, ಬರಲ್ಲ ಅಂತ ಹೇಳಿ ಹೋಗಮ್ಮ," ಎಂದೆ.

"ಅದು ಮೇಲಲ್ಲೇ ಹೇಳಿದ್ದೀನಲ್ಲ ಮ್ಯಾಮ್."

"ಓದಿದೆ. ನನಗೆ ಬಾಯಿಪಾಠ ಇದೆ ಅದು. ಬರುವಾಗ ಮನೇಲಿ ಏನಾದ್ರೂ ಮಾಡಿದ್ರೆ ಒಂದು ಡಬ್ಬಿಲಿ ಹಾಕ್ಕೊಂಡು ಬಾ."

"ಡಬ್ಬಿನಾ ಮ್ಯಾಮ್?"

"ಹೂಂ. ಹೆಸರು ಇರೋ ಡಬ್ಬಿ ಇದ್ರೆ ಒಳ್ಳೇದು."

ಹುಡುಗಿ ನನಗೆ ತಲೆ ಸರಿಯಿಲ್ಲ ಎಂದುಕೊಂಡಿರಬೇಕು. ಆದರೂ ಒಳ್ಳೆಯ ಮನೆಯ ಮಗು, ಬೇಡ ಎನ್ನಲು ಅವಳಿಗೂ ಬರಲಿಲ್ಲ. "ಟ್ರೈ ಮಾಡ್ತೀನಿ ಮ್ಯಾಮ್" ಎಂದಳು.

ಅದರ ಅರ್ಥ ನನಗೆ ಗೊತ್ತಿಲ್ಲದ್ದೇನಲ್ಲ. ಫೋನಿಟ್ಟು ಕಪಾಟು ತೆರೆದು, ಅಮ್ಮನ ಡಬ್ಬಿಯನ್ನು ಇನ್ನೊಂದು ಡಬ್ಬಿ ಹಿಡಿಯುವಷ್ಟು ಪಕ್ಕಕ್ಕೆ ಸರಿಸಿಟ್ಟೆ.